ಭೋಗ್ಯದ ಮನೆ, ಬ್ಯಾಂಕಿನ ಬೀಗ

ದಿನಪತ್ರಿಕೆಯ ಒಳಪುಟಗಳಲ್ಲಿ ಸಣ್ಣ ಅಕ್ಷರಗಳ ಒಂದು ಪ್ರಕಟಣೆ ಆಗಾಗ ಬರುತ್ತಿರುತ್ತದೆ. ಮೇಲೆ ‘ಸ್ವಾಧೀನ ಸೂಚನೆ’ ಎಂದಿರುತ್ತದೆ. ಕೆಳಗೆ ಸಾಲಗಾರರ ಹೆಸರು, ಬಾಕಿ ಮೊತ್ತ, ನೋಟಿಸಿನ ತಾರೀಕು, ಆಮೇಲೆ ಸ್ವತ್ತಿನ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಸೈಟು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಮನೆ. ನಾವು ಕ್ರಿಕೆಟ್ ಸುದ್ದಿ ಹುಡುಕುತ್ತ ಆ ಪುಟವನ್ನು ಮಗುಚಿಬಿಡುತ್ತೇವೆ. ಆ ನಾಲ್ಕು ದಿಕ್ಕುಗಳ ನಡುವೆ ಯಾರು ಸಂಸಾರ ಹೂಡಿಕೊಂಡಿದ್ದಾರೆ ಎಂಬುದು ಮಾತ್ರ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಸಾಲ ಮಾಡಿದ ಯಜಮಾನನೇ ಇರಬಹುದು. ಎಷ್ಟೋ ಸಲ ಇರುವವರು ಬಾಡಿಗೆಯವರು. ಬೆಂಗಳೂರಿನಂಥ ಊರಿನಲ್ಲಾದರೆ ಭೋಗ್ಯದವರು.

ನಾನು ಈ ಪ್ರಕಟಣೆಗಳನ್ನು ಓದತೊಡಗಿದ್ದು ನನ್ನ ತರಗತಿಯ ಒಬ್ಬ ಹುಡುಗಿಯಿಂದಾಗಿ. ಹತ್ತನೇ ತರಗತಿಯ ಪರೀಕ್ಷೆಗೆ ಒಂದೂವರೆ ತಿಂಗಳಿದೆ ಎನ್ನುವಾಗ ಅವಳು ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಸಮವಸ್ತ್ರವಿಲ್ಲದೆ, ಚೀಲವಿಲ್ಲದೆ, ಅಪ್ಪನ ಜೊತೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. “ಸಾರ್, ಮನೆಗೆ ಬ್ಯಾಂಕಿನೋರು ಬೀಗ ಹಾಕವ್ರೆ. ಪುಸ್ತಕ ಎಲ್ಲಾ ಒಳಗೇ ಅವೆ” ಎಂದರು ಅಪ್ಪ. ಅವರು ಗಾರೆ ಕೆಲಸದ ಮೇಸ್ತ್ರಿ. ಊರಿನಲ್ಲಿ ಪಾಲಿಗೆ ಬಂದಿದ್ದ ಜಮೀನು ಮಾರಿ, ಎಂಟು ಲಕ್ಷ ರೂಪಾಯಿ ಕೊಟ್ಟು, ಆ ಮನೆಯನ್ನು ಮೂರು ವರ್ಷದ ಭೋಗ್ಯಕ್ಕೆ ಹಾಕಿಕೊಂಡಿದ್ದರು. ಮಾಲೀಕ ಬ್ಯಾಂಕಿನಲ್ಲಿ ಸಾಲ ಎತ್ತಿದ್ದು, ಕಂತು ಕಟ್ಟದೆ ಬಿಟ್ಟಿದ್ದು, ನೋಟಿಸುಗಳೆಲ್ಲ ಅವನ ಇನ್ನೊಂದು ವಿಳಾಸಕ್ಕೆ ಹೋಗುತ್ತಿದ್ದುದು, ಇವರಿಗೆ ಒಂದೂ ಗೊತ್ತಿರಲಿಲ್ಲ. ಬಾಗಿಲಿಗೆ ಒಂದು ಇಂಗ್ಲಿಷ್ ಕಾಗದ ಅಂಟಿಸಿದ್ದರಂತೆ. ಕೇಳಿದಾಗ ಮಾಲೀಕ “ಅದೆಲ್ಲ ನಾನು ನೋಡ್ಕೋತೀನಿ, ನೀವು ತಲೆ ಕೆಡಿಸ್ಕೋಬೇಡಿ” ಎಂದನಂತೆ.

ನಾನೂ ಮುಖ್ಯೋಪಾಧ್ಯಾಯರೂ ಹೋಗಿ ಕೇಳಿಕೊಂಡ ಮೇಲೆ ಬ್ಯಾಂಕಿನ ಅಧಿಕಾರಿ ಮರುದಿನ ಒಂದು ಗಂಟೆ ಬೀಗ ತೆಗೆಸಿದರು. ಪುಸ್ತಕ, ಬಟ್ಟೆ, ಪಾತ್ರೆ ಈಚೆಗೆ ಬಂದವು. ಆ ಅಧಿಕಾರಿ ಕೆಟ್ಟವರೇನಲ್ಲ. “ಮೇಷ್ಟ್ರೇ, ನಮ್ಮ ಫೈಲಿನಲ್ಲಿ ಇವರು ಇಲ್ಲವೇ ಇಲ್ಲ” ಎಂದರು. ಆ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಬ್ಯಾಂಕಿನ ಫೈಲಿನಲ್ಲಿ ಇಲ್ಲದಿದ್ದರೆ ಬೇಡ, ಕಾಯ್ದೆಯಲ್ಲಾದರೂ ಇವರು ಇದ್ದಾರೆಯೇ? ಆ ಬೇಸಿಗೆ ರಜೆಯಲ್ಲಿ ಪರಿಚಯದ ವಕೀಲರೊಬ್ಬರ ಕಚೇರಿಯಲ್ಲಿ ಕೂತು ಓದಿದೆ, ಕೇಳಿದೆ. ಪಾಠ ಹೇಳುವ ಅಭ್ಯಾಸದವನಿಗೆ ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ.

ಕಾಯ್ದೆ 2002ರದು. ಹೆಸರು ಬಹಳ ಉದ್ದ. ವಕೀಲರೂ ಬ್ಯಾಂಕಿನವರೂ ‘ಸರ್ಫೇಸಿ’ ಎನ್ನುತ್ತಾರೆ. ಅದು ಬರುವ ಮೊದಲು ಅಡಮಾನದ ಮನೆಯನ್ನು ಹರಾಜು ಹಾಕಬೇಕಾದರೆ ಬ್ಯಾಂಕು ಸಾಮಾನ್ಯವಾಗಿ ದಾವೆ ಹೂಡಿ ವರ್ಷಗಟ್ಟಲೆ ಕಾಯಬೇಕಿತ್ತು. ಈಗ ಕಂತು ಬಾಕಿಯಾಗಿ 90 ದಿನ ಮೀರಿದರೆ ಸಾಲ ‘ಅನುತ್ಪಾದಕ’ ಎನ್ನಿಸಿಕೊಳ್ಳುತ್ತದೆ. ಬ್ಯಾಂಕು ಸಾಲಗಾರನಿಗೆ 60 ದಿನಗಳ ನೋಟಿಸು ಕೊಡುತ್ತದೆ. ಅಷ್ಟರಲ್ಲಿ ಹಣ ಬಾರದಿದ್ದರೆ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ಮೊದಲು ಆಗುವುದು ಕಾಗದದ ಮೇಲಿನ ಸ್ವಾಧೀನ: ಸೂಚನೆಯನ್ನು ಮನೆಗೆ ಅಂಟಿಸಿ, ಏಳು ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಒಳಗಿರುವವರು ಬಿಟ್ಟುಕೊಡದಿದ್ದರೆ ಬೆಂಗಳೂರಿನಂಥ ಮಹಾನಗರದಲ್ಲಿ ಚೀಫ್ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟರಿಂದ, ಬೇರೆ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಆದೇಶ ತಂದು, ಪೊಲೀಸರ ನೆರವಿನಿಂದ ಬಿಡಿಸುತ್ತಾರೆ. ಬ್ಯಾಂಕನ್ನು ಸುಮ್ಮನೆ ದೂರುವುದು ಸರಿಯಲ್ಲ. ಅಲ್ಲಿರುವುದೂ ಠೇವಣಿ ಇಟ್ಟ ಜನರ ಹಣವೇ. ಆದರೆ ನೋಟಿಸು ಹೋಗುವುದು ಸಾಲಗಾರನಿಗೆ, ಖಾಲಿ ಮಾಡಬೇಕಾದವನು ಇನ್ನೊಬ್ಬ. ತೊಡಕಿರುವುದು ಇಲ್ಲಿ.

ಇನ್ನು ಭೋಗ್ಯದ ಲೆಕ್ಕ. ಮೇಸ್ತ್ರಿ ಕೊಟ್ಟ ಎಂಟು ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ ಏಳರಂತೆ ಬಡ್ಡಿ ಹಿಡಿದರೆ 56,000 ರೂಪಾಯಿ. ತಿಂಗಳಿಗೆ 4,700ರ ಒಳಗೇ. ಅದೇ ಬೀದಿಯಲ್ಲಿ ಅಂಥ ಮನೆಯ ಬಾಡಿಗೆ 12,000. ‘ಬಾಡಿಗೆ ಹೋಗುವ ಹಣ, ಭೋಗ್ಯ ವಾಪಸು ಬರುವ ಹಣ’ ಎಂದು ನಮ್ಮ ಜನ ಹೇಳುವುದು ಈ ಲೆಕ್ಕದ ಮೇಲೆಯೇ. ಆದರೆ ಇದೇ ಲೆಕ್ಕವನ್ನು ಆ ಕಡೆಯಿಂದಲೂ ಮಾಡಿ ನೋಡಬೇಕು. 12,000 ಬರುವ ಮನೆಯನ್ನು 4,700ಕ್ಕೆ ಸಮನಾದ ಲಾಭಕ್ಕೆ ಯಾರು ಯಾಕೆ ಕೊಡುತ್ತಾರೆ? ಒಟ್ಟಾಗಿ ಹಣ ಬೇಕಾದವರು, ಬೇರೆ ಕಡೆ ಅದು ಹುಟ್ಟದವರು. ಎಲ್ಲ ಮಾಲೀಕರೂ ಹಾಗೆ ಎಂದು ನಾನು ಹೇಳುತ್ತಿಲ್ಲ. ಮಗಳ ಮದುವೆಗೆ ಭೋಗ್ಯಕ್ಕೆ ಕೊಟ್ಟು, ಮಾತಿನಂತೆ ಹಣ ಹಿಂದಿರುಗಿಸಿದವರು ನನ್ನ ಬೀದಿಯಲ್ಲೇ ಇದ್ದಾರೆ. ಆದರೂ ಭೋಗ್ಯ ಹಾಕಿಕೊಳ್ಳುವವರು ಬಾಡಿಗೆದಾರರಷ್ಟೇ ಅಲ್ಲ, ಮಾಲೀಕನಿಗೆ ಸಾಲ ಕೊಟ್ಟವರು. ಬ್ಯಾಂಕು ಸಾಲ ಕೊಡುವಾಗ ಪತ್ರಗಳನ್ನೆಲ್ಲ ಜಾಲಾಡಿ ನೋಡುತ್ತದೆ. ನಾವು ಎಂಟು ಲಕ್ಷ ಕೊಡುವಾಗ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಮಾತ್ರ ನೋಡುತ್ತೇವೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆ ಈಗಲೂ ಜಾರಿಯಲ್ಲಿದೆ. ಹಣ ಕೊಟ್ಟವನು ಬಡ್ಡಿಯ ಬದಲು ಸ್ವತ್ತನ್ನು ವಶದಲ್ಲಿಟ್ಟುಕೊಂಡು ಅನುಭವಿಸುವುದನ್ನು ಅದು ಒಂದು ಬಗೆಯ ಅಡಮಾನ ಎಂದೇ ಎಣಿಸುತ್ತದೆ. ನಮ್ಮ ಹಿರಿಯರು ‘ಭೋಗ್ಯ’ ಎಂದದ್ದು ಇದನ್ನೇ. ನೂರು ರೂಪಾಯಿ ಅಥವಾ ಹೆಚ್ಚಿನ ಮೊತ್ತದ ಇಂಥ ಅಡಮಾನ ನೋಂದಣಿಯಾಗಲೇಬೇಕು ಎನ್ನುತ್ತದೆ ಅದೇ ಕಾಯ್ದೆ. ಬಾಡಿಗೆ ಕರಾರೂ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಕರಾರುಗಳೆಲ್ಲ 11 ತಿಂಗಳಿಗೇ ಯಾಕೆ ಎಂದು ಮಕ್ಕಳು ಕೇಳಿದರೆ ಉತ್ತರ ಇದು. ವಾಸ್ತವದಲ್ಲಿ ಆಗುವುದೇನು? ಛಾಪಾ ಕಾಗದದ ಮೇಲೆ ಬರೆಸಿ, ನೋಟರಿಯ ಮೊಹರು ಹಾಕಿಸಿ, ‘ಪಕ್ಕಾ ಆಯಿತು’ ಎಂದು ಬೀರುವಿನಲ್ಲಿ ಇಡುತ್ತೇವೆ. ನೋಟರಿಯ ಮೊಹರು ನೋಂದಣಿಯಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಯಲ್ಲಿ ಅದರ ಸುಳಿವೂ ಇರುವುದಿಲ್ಲ.

ಬ್ಯಾಂಕು ಬಂದು ನಿಂತಾಗ ಎಲ್ಲವೂ ಮೂರು ತಾರೀಕುಗಳ ಮೇಲೆ ನಿಲ್ಲುತ್ತದೆ. ಮಾಲೀಕ ಮನೆ ಅಡವಿಟ್ಟ ದಿನ, ನೀವು ಮನೆ ಹಿಡಿದ ದಿನ, ಬ್ಯಾಂಕು 60 ದಿನಗಳ ನೋಟಿಸು ಕೊಟ್ಟ ದಿನ. ಅಡಮಾನಕ್ಕೆ ಮೊದಲೇ ನೀವು ಕ್ರಮವಾಗಿ ಬಾಡಿಗೆಗೆ ಇದ್ದರೆ, ಕರಾರಿನ ಅವಧಿ ಮುಗಿಯುವ ತನಕ ಬ್ಯಾಂಕು ನಿಮ್ಮನ್ನು ಎಬ್ಬಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸೋಂಡಗರ್ ಮೊಕದ್ದಮೆಯಲ್ಲಿ ಹೇಳಿತು. ಮ್ಯಾಜಿಸ್ಟ್ರೇಟರು ಬಾಡಿಗೆದಾರನ ಮಾತನ್ನೂ ಕೇಳಬೇಕು ಎಂದಿತು. ಅಡಮಾನದ ನಂತರ ಹಿಡಿದಿದ್ದರೆ ಮಾಲೀಕನಿಗೆ ಬಾಡಿಗೆಗೆ ಕೊಡುವ ಅಧಿಕಾರವೇ ಮೊಟಕು. 1882ರ ಕಾಯ್ದೆಯ 65-ಎ ಕಲಮಿನ ಪ್ರಕಾರ ನ್ಯಾಯವಾದ ಬಾಡಿಗೆ ಬರುವಂತಿರಬೇಕು, ಮನೆಯಾದರೆ ಮೂರು ವರ್ಷ ಮೀರಬಾರದು, ಗಂಟು ಹಣ ಪಡೆಯಬಾರದು, ಮುಂಗಡವಾಗಿ ಬಾಡಿಗೆ ಪಡೆಯಬಾರದು. ಭೋಗ್ಯ ಎಂದರೆ ಬಾಡಿಗೆಯೇ ಇಲ್ಲದ ಗಂಟು ಹಣ! ಇನ್ನು ಬ್ಯಾಂಕಿನ ನೋಟಿಸು ಬಂದ ಮೇಲೆ, ಅದರ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕ ಆ ಮನೆಯನ್ನು ಹೊಸಬರಿಗೆ ಕೊಡುವಂತೆಯೇ ಇಲ್ಲ. ನಮ್ಮ ಮೇಸ್ತ್ರಿಯ ಕರಾರಿನ ತಾರೀಕು ಬ್ಯಾಂಕಿನ ನೋಟಿಸಿಗಿಂತ ಎರಡು ತಿಂಗಳು ಈಚಿನದು. ಮಾಲೀಕ ಎಲ್ಲ ಗೊತ್ತಿದ್ದೇ ಹಣ ಎಣಿಸಿಕೊಂಡಿದ್ದ.

2016ರ ಜನವರಿಯಲ್ಲಿ ಕಲ್ಸಾರಿಯಾ ಮೊಕದ್ದಮೆಯ ತೀರ್ಪು ಬಂದಾಗ ಬಾಡಿಗೆದಾರರಿಗೆ ಇನ್ನಷ್ಟು ಧೈರ್ಯ ಬಂತು. ರಾಜ್ಯದ ಬಾಡಿಗೆ ಕಾಯ್ದೆಯ ರಕ್ಷಣೆ ಇರುವವರನ್ನು ಸರ್ಫೇಸಿಯ ಬಲದಿಂದ ಹೊರಹಾಕುವಂತಿಲ್ಲ ಎಂದಿತು ನ್ಯಾಯಾಲಯ. ಆದರೆ ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಆ ಬಾಡಿಗೆಗೆ ಈಗ ಎಂಥ ಮನೆ ಸಿಗುತ್ತದೆಂದು ಓದುಗರಿಗೇ ಗೊತ್ತು. 2019ರ ಬಜರಂಗ್ ಅಗರ್ವಾಲ್ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಮತ್ತೆ ಬಿಗಿ ಮಾಡಿತು: ನೋಂದಣಿಯಾಗದ ಕರಾರು ತೋರಿಸುವವರಿಗೆ ಅದರ ತಾರೀಕಿನಿಂದ ಒಂದು ವರ್ಷಕ್ಕಿಂತ ಹೆಚ್ಚು ಆಸರೆಯಿಲ್ಲ. ಸ್ವಾಧೀನದ ಕ್ರಮವನ್ನು ಪ್ರಶ್ನಿಸಬೇಕಾದ ಸ್ಥಳ ಊರಿನ ಸಿವಿಲ್ ನ್ಯಾಯಾಲಯವಲ್ಲ, ಸಾಲ ವಸೂಲಾತಿ ನ್ಯಾಯಮಂಡಳಿ. 2016ರ ತಿದ್ದುಪಡಿಯ ನಂತರ ಅದು ಬಾಡಿಗೆದಾರನ ಹಕ್ಕನ್ನೂ ವಿಚಾರಿಸಿ ತೀರ್ಮಾನಿಸಬಹುದು. ಅವಧಿ 45 ದಿನ. ಆದ್ದರಿಂದ ಬಾಗಿಲಿಗೆ ಕಾಗದ ಅಂಟಿದ ದಿನ ಅದರ ಫೋಟೊ ತೆಗೆದು, ತಾರೀಕು ಬರೆದಿಟ್ಟುಕೊಂಡು, ಅದೇ ವಾರ ವಕೀಲರನ್ನು ಕಾಣಬೇಕು. ಮಾಲೀಕನ ‘ನೋಡ್ಕೋತೀನಿ’ಯನ್ನು ನಂಬಿ ಕೂತರೆ ಆ ದಿನಗಳೂ ಕಳೆದುಹೋಗುತ್ತವೆ.

ಅಮೆರಿಕದಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದ್ದಾರೆ. ಓದಲು ಅಲ್ಲಿಗೆ ಹೋಗುವ ನಮ್ಮ ಹುಡುಗರೂ ಬಾಡಿಗೆ ಮನೆಯಲ್ಲೇ ಇರುವುದರಿಂದ ತಂದೆತಾಯಿಗಳು ತಿಳಿದಿರಲಿ. 2008ರ ಆರ್ಥಿಕ ಕುಸಿತದಲ್ಲಿ ಲಕ್ಷಾಂತರ ಮನೆಗಳು ಬ್ಯಾಂಕಿನ ಪಾಲಾದಾಗ, ಬಾಡಿಗೆ ತಪ್ಪದೆ ಕಟ್ಟುತ್ತಿದ್ದವರೂ ಬೀದಿಗೆ ಬಿದ್ದರು. 2009ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಕಾನೂನು ತಂದಿತು: ಮನೆ ಹರಾಜಾದರೂ ಪ್ರಾಮಾಣಿಕ ಬಾಡಿಗೆದಾರನಿಗೆ ಕನಿಷ್ಠ 90 ದಿನಗಳ ನೋಟಿಸು ಕೊಡಬೇಕು, ಕರಾರಿನ ಅವಧಿ ಉಳಿದಿದ್ದರೆ, ಕೊಂಡವನು ತಾನೇ ವಾಸಕ್ಕೆ ಬರದಿದ್ದರೆ, ಅದು ಮುಗಿಯುವ ತನಕ ಇರಗೊಡಬೇಕು. 2014ರ ಕೊನೆಗೆ ಅದರ ಅವಧಿ ತೀರಿತ್ತು. 2018ರಲ್ಲಿ ಶಾಶ್ವತವಾಗಿ ಮರಳಿ ತಂದರು. ಮಾಲೀಕನ ಹೆಂಡತಿ ಮಕ್ಕಳು ಬಾಡಿಗೆದಾರರ ವೇಷ ಹಾಕದಂತೆ ಅವರನ್ನು ಹೊರಗಿಟ್ಟಿದ್ದಾರೆ. ಹೊರಡಲು 90 ದಿನ ಎಂದರೆ ಒಂದು ಶಾಲಾ ಅವಧಿ. ನಮ್ಮ ಸರ್ಫೇಸಿಯಲ್ಲಿ ಬಾಡಿಗೆದಾರನಿಗೆಂದೇ ಅಂಥ ಗಡುವು ಇಲ್ಲ. ಇರಬೇಕಿತ್ತು ಎಂದು ನನ್ನ ಅಭಿಪ್ರಾಯ. ಎರಡು ಮೂರು ವರ್ಷ ಕಾದ ಬ್ಯಾಂಕಿಗೆ ಇನ್ನು ಮೂರು ತಿಂಗಳು ದೊಡ್ಡದಲ್ಲ.

ಭೋಗ್ಯಕ್ಕೆ ಹಾಕಿಕೊಳ್ಳುವ ಮೊದಲು ನೋಡಬೇಕಾದ್ದು ಹೆಚ್ಚೇನಿಲ್ಲ. ಮೂಲ ಕ್ರಯಪತ್ರವನ್ನು ತೋರಿಸಿ ಎಂದು ಕೇಳಿ. ಜೆರಾಕ್ಸ್ ಮಾತ್ರ ತೋರಿಸಿ ‘ಒರಿಜಿನಲ್ ಅಣ್ಣನ ಮನೆಯಲ್ಲಿದೆ’ ಎಂದರೆ, ಆ ಅಣ್ಣ ಬ್ಯಾಂಕೇ ಇರಬಹುದು! ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರವನ್ನು, ಅಂದರೆ ಇ.ಸಿ.ಯನ್ನು, ಈಗ ಸರ್ಕಾರದ ‘ಕಾವೇರಿ’ ಜಾಲತಾಣದಲ್ಲೇ ಅರ್ಜಿ ಹಾಕಿ ಪಡೆಯಬಹುದು. ಪತ್ರಗಳನ್ನು ಬ್ಯಾಂಕಿನಲ್ಲಿ ಸುಮ್ಮನೆ ಒಪ್ಪಿಸಿ ಮಾಡಿದ ಅಡಮಾನ ಅದರಲ್ಲಿ ಕಾಣದೆ ಹೋಗಬಹುದು. ಅದಕ್ಕೆ ‘ಸೆರ್ಸಾಯಿ’ ಎಂಬ ಕೇಂದ್ರ ದಾಖಲಾತಿ ಇದೆ, 2011ರಿಂದ. ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಹತ್ತನೇ ತರಗತಿಯ ಹುಡುಗರಿಗೆ ಇದು ಹತ್ತು ನಿಮಿಷದ ಕೆಲಸ, ಅಪ್ಪ ಅಮ್ಮನಿಗೆ ನೋಡಿಕೊಡಲಿ. ಸಾಲ ಇದೆ ಎಂದು ಗೊತ್ತಾದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಕೇಳಬೇಕು. ಸಿಗದಿದ್ದರೆ ಆ ಮನೆ ಬೇಡ. ಕರಾರನ್ನು ನೋಂದಣಿ ಮಾಡಿಸಿ. ಮುದ್ರಾಂಕ ಶುಲ್ಕ ಉಳಿಸಲು ಮಾಲೀಕ ಹಿಂಜರಿದರೆ ಅರ್ಧ ನಾವೇ ಹಾಕಿದರೂ ನಷ್ಟವಿಲ್ಲ. ಹಣವನ್ನು ಕೈಯಲ್ಲಿ ಎಣಿಸಿ ಕೊಡದೆ ಚೆಕ್ಕಿನಲ್ಲೋ ಖಾತೆಯ ಮೂಲಕವೋ ಕೊಡಬೇಕು.

ಮನೆ ಕೈಬಿಟ್ಟರೂ ಹಣದ ಹಕ್ಕು ಸಾಯುವುದಿಲ್ಲ. ಅದನ್ನು ಕೇಳಬೇಕಾದ್ದು ಬ್ಯಾಂಕನ್ನಲ್ಲ, ಮಾಲೀಕನನ್ನು, ಸಿವಿಲ್ ದಾವೆಯ ಮೂಲಕ. ಅಡಮಾನ ಮುಚ್ಚಿಟ್ಟು ಹಣ ಪಡೆದಿದ್ದರೆ ವಂಚನೆಯ ದೂರನ್ನೂ ಕೊಡಬಹುದು. ಹರಾಜಿನಲ್ಲಿ ಬ್ಯಾಂಕಿನ ಬಾಕಿ, ಖರ್ಚು ಕಳೆದು ಹಣ ಮಿಕ್ಕರೆ ಅದು ಹಕ್ಕುದಾರನಿಗೆ ಹೋಗಬೇಕು. ಮಾಲೀಕನ ಕೈಗೆ ಅದು ಸೇರುವ ಮುನ್ನ ತಡೆಯಾಜ್ಞೆಗೆ ಅರ್ಜಿ ಹಾಕಬಹುದೇ ಎಂದು ವಕೀಲರನ್ನು ಕೇಳಿ. ಮೇಸ್ತ್ರಿಯ ದಾವೆ ನಡೆಯುತ್ತಲೇ ಇದೆ. ಹುಡುಗಿ ಪ್ರಥಮ ದರ್ಜೆಯಲ್ಲಿ ಪಾಸಾಗಿ ಈಗ ವಾಣಿಜ್ಯ ಓದುತ್ತಿದ್ದಾಳೆ. ವಿಜ್ಞಾನ ತೆಗೆದುಕೊಳ್ಳಲಿಲ್ಲವೆಂದು ನನಗೆ ಸ್ವಲ್ಪ ಬೇಸರವೇ.

ಮಧ್ಯ ವರ್ಷದಲ್ಲಿ ಮನೆ ಬಿಡಬೇಕಾಗಿ ಬಂದ ತಂದೆತಾಯಿಗಳಿಗೆ ಶಾಲೆಯ ಕಡೆಯಿಂದ ಎರಡು ಮಾತು. ಎಂಟನೇ ತರಗತಿಯವರೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸಲು ವರ್ಗಾವಣೆ ಪತ್ರ ಕೇಳಿದರೆ ಮುಖ್ಯೋಪಾಧ್ಯಾಯರು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಆ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಒಂಬತ್ತು, ಹತ್ತಕ್ಕೆ ಆ ಕಾಯ್ದೆಯಿಲ್ಲ. ಅಲ್ಲಿ ಬಂದು ಮಾತನಾಡಬೇಕು. ಮನೆ ಹೋದದ್ದನ್ನು ಹೇಳಲು ನಾಚಿ ಮಕ್ಕಳನ್ನು ತಿಂಗಳುಗಟ್ಟಲೆ ನೆಂಟರ ಮನೆಯಲ್ಲಿ ಕೂರಿಸುವವರಿದ್ದಾರೆ, ಹಾಗೆ ಮಾಡಬೇಡಿ. ಪರೀಕ್ಷೆಯ ಪ್ರವೇಶಪತ್ರ ಶಾಲೆಯಲ್ಲೇ ಸಿಗುತ್ತದೆ. ಹಳೆಯ ಪಠ್ಯಪುಸ್ತಕಗಳು ಒಂದೆರಡು ಜೊತೆ ನಮ್ಮ ಸ್ಟಾಫ್ ರೂಮಿನ ಬೀರುವಿನಲ್ಲಿ ಯಾವಾಗಲೂ ಇರುತ್ತವೆ.