ಎಷ್ಟು ಜನ ಹತ್ತಬಹುದು?

ಹೋದ ಬೇಸಿಗೆಯಲ್ಲಿ ಒಂದು ದೋಣಿ ತಗೊಂಡೆ. ಹೊಸದಲ್ಲ ಮಾರಾಯ್ರೆ, ನನಗಿಂತ ಇಪ್ಪತ್ತು ವರ್ಷ ಹಿರಿಯದು. 1976ರ ಅಲ್ಯೂಮಿನಿಯಂ ದೋಣಿ, ಹದಿನಾಲ್ಕು ಅಡಿ ಉದ್ದ, ಹಿಂದೆ 9.9 ಎಚ್‌ಪಿ ಹಳೇ ಮೋಟಾರು. ಮಿನೆಸೋಟದಲ್ಲಿ ಕಾರಿನ ನಂಬರ್ ಪ್ಲೇಟಿನ ಮೇಲೇ ‘ಹತ್ತು ಸಾವಿರ ಕೆರೆಗಳು’ ಅಂತ ಬರೆದಿರುತ್ತೆ. ಇಲ್ಲಿ ನಾಲ್ಕು ವರ್ಷ ದಡದಲ್ಲಿ ನಿಂತು ನೋಡಿ ಸಾಕಾಗಿತ್ತು. ಜುಲೈಯಲ್ಲಿ ಕುಮಟೆಯಿಂದ ಅಪ್ಪ ಅಮ್ಮ ಬೇರೆ ಬರೋರಿದ್ರು.

ಫೋನಿನಲ್ಲಿ ಹೇಳಿದ ಕೂಡಲೇ ಅಪ್ಪ ಕೇಳಿದ್ದು ಬೆಲೆ ಅಲ್ಲ. "ಎಷ್ಟು ಜನ ಹತ್ತಬಹುದು?"

"ಐದು ಜನ ಆರಾಮ ಅಪ್ಪಾ" ಅಂದೆ. ಅಪ್ಪ, ಅಮ್ಮ, ನಾನು, ಇವಳು, ಎಂಎಸ್ ಮಾಡ್ತಿರೋ ಇವಳ ತಮ್ಮ. ನಮಗೆ ಬೇಕಿದ್ದದ್ದು ಐದು, ಹಾಗಾಗಿ ಐದು ಅಂದೆ. ಮಾರಿದ ಅಜ್ಜ ಅಂತೂ "ನಾವು ಏಳು ಜನ ಹೋಗ್ತಿದ್ವಿ" ಅಂದಿದ್ದ.

ಅಪ್ಪ ಹಾಗೆ ಕೇಳೋದಕ್ಕೆ ಕಾರಣ ಇದೆ. 2019ರ ಜನವರಿಯಲ್ಲಿ ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆಯ ದೋಣಿ ಮಗುಚಿ ಜನ ಸತ್ತಿದ್ದು ನಿಮಗೂ ನೆನಪಿರಬಹುದು. ಅವತ್ತಿಂದ ತದಡಿಯಲ್ಲಿ ಅಘನಾಶಿನಿ ದಾಟೋವಾಗೆಲ್ಲ ಅಪ್ಪ ತಲೆ ಎಣಿಸ್ತಾರೆ. ಜಾಸ್ತಿ ಅನ್ನಿಸಿದ್ರೆ ಬಿಸಿಲಲ್ಲೇ ನಿಂತು ಮುಂದಿನ ದೋಣಿಗೆ ಕಾಯ್ತಾರೆ.

ಅಮೆರಿಕದಲ್ಲಿ ಆ ಪ್ರಶ್ನೆಗೆ ಉತ್ತರ ದೋಣಿಯ ಮೇಲೇ ಇರಬೇಕು. 1972ರ ನವೆಂಬರಿನಿಂದ ಇಪ್ಪತ್ತು ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ಕಂಪನಿಯವರೇ ಒಂದು ಕೆಪಾಸಿಟಿ ಪ್ಲೇಟು ಹಚ್ಚಬೇಕು: ಎಷ್ಟು ಜನ, ಜನರ ತೂಕ ಎಷ್ಟು ಪೌಂಡು, ಸಾಮಾನು ಮೋಟಾರು ಸೇರಿ ಎಷ್ಟು, ಮೋಟಾರು ಎಷ್ಟು ಎಚ್‌ಪಿ ತನಕ. ನಮ್ಮ ದೋಣಿಯಲ್ಲಿ ಆ ಜಾಗದಲ್ಲಿ ರಿವೆಟ್ಟಿನ ತೂತುಗಳಷ್ಟೇ ಇದ್ವು, ಅದರ ಮೇಲೆ ಹಸಿರು ಪೇಂಟು.

ಸರಿ, ಹೊಸದು ತರಿಸೋಣ ಅಂತ ಹೊರಟೆ. ಕೋಸ್ಟ್ ಗಾರ್ಡಿನವರು ಡೂಪ್ಲಿಕೇಟ್ ಕೊಡೋದಿಲ್ಲ, ತಯಾರಕರನ್ನೇ ಕೇಳಬೇಕು. ದೋಣಿಯ ಹಿಂಬದಿ ಹಲಗೆಯ ಬಲಮೂಲೆಯಲ್ಲಿ ಹನ್ನೆರಡು ಅಕ್ಷರದ ಒಂದು ನಂಬರ್ ಇರುತ್ತೆ, ಮೊದಲ ಮೂರು ಅಕ್ಷರ ತಯಾರಕರ ಕೋಡು. ಉಜ್ಜಿ ಉಜ್ಜಿ ಓದಿ, ಕೋಸ್ಟ್ ಗಾರ್ಡಿನ ಪಟ್ಟಿಯಲ್ಲಿ ಹುಡುಕಿದೆ. ಕಂಪನಿ ಎಂದೋ ಮುಚ್ಚಿತ್ತು.

ಉಳಿದದ್ದು ನಾನೇ ಲೆಕ್ಕ ಹಾಕೋದು. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡ್ವಾ :) ಜನರ ಲೆಕ್ಕಕ್ಕೊಂದು ಅಂದಾಜು ಸೂತ್ರ ಇದೆ: ಅಡಿಯಲ್ಲಿ ಉದ್ದ ಗುಣಿಸು ಅಗಲ, ಭಾಗಿಸು ಹದಿನೈದು. 14 ಗುಣಿಸು 5, ಎಪ್ಪತ್ತು. ಭಾಗಿಸಿದ್ರೆ 4.67. ನನ್ನ ಕೈ ತಾನಾಗೇ ಐದು ಅಂತ ಬರೀತು! ಆಮೇಲೆ ಹೊಡೆದು ನಾಲ್ಕು ಮಾಡಿದೆ. ಮುಕ್ಕಾಲು ಜನ ಅಂತ ಇರ್ತಾರಾ?

ಎಚ್‌ಪಿಗೆ ಬೇರೆ ಸೂತ್ರ. ಉದ್ದ ಗುಣಿಸು ಹಿಂಬದಿ ಹಲಗೆಯ ಅಗಲ, 14 ಗುಣಿಸು 4, ಅಂದ್ರೆ 56. ಸ್ಟಿಯರಿಂಗ್ ಇಲ್ಲದ, ಚಪ್ಪಟೆ ತಳ ಅಲ್ಲದ ದೋಣಿಗೆ ಅದರ 0.8 ಪಟ್ಟಿನಲ್ಲಿ 25 ಕಳೀಬೇಕು: 19.8. ಇಲ್ಲಿ ಮಾತ್ರ ಮುಂದಿನ ಐದರ ಗುಣಕಕ್ಕೆ ಏರಿಸಬಹುದು, 20. ನಮ್ಮ ಮೋಟಾರಿಗೆ ತೊಂದರೆ ಇಲ್ಲ.

ಆದರೆ ಜನರ ತೂಕದ ಸಾಲು ಇನ್ನೂ ಖಾಲಿ. ನಿಯಮದಲ್ಲಿ ತೂಕಕ್ಕೆ 32 ಕೂಡಿಸಿ 141ರಿಂದ ಭಾಗಿಸಿದ್ರೆ ಜನರ ಸಂಖ್ಯೆ ಬರುತ್ತೆ. ಅದನ್ನೇ ಉಲ್ಟಾ ಮಾಡಿದೆ: ನಾಲ್ಕು ಜನಕ್ಕೆ 532 ಪೌಂಡು, ಸುಮಾರು 241 ಕೆಜಿ. ತಲೆಗೆ ಅರವತ್ತೇ ಕೆಜಿ! ಅಪ್ಪ 81, ನಾನು 76, ಭಾವಮೈದ 70, ಅಮ್ಮ 64, ಇವಳು 55. ನಮ್ಮಲ್ಲಿ ಯಾವ ನಾಲ್ಕು ಜನ ಹತ್ತಿದ್ರೂ 241 ದಾಟುತ್ತೆ. ಐದು ಜನ ಆರಾಮ ಅಂದಿದ್ದೆನಲ್ಲ, ಆ ರಾತ್ರಿ ಸ್ವಲ್ಪ ನಿದ್ದೆ ಕೆಟ್ಟಿತು.

ಸೀಟು ಬಿಚ್ಚಿ ನೋಡಿದ್ರೆ ತೇಲಿಸಬೇಕಾದ ಫೋಮು ಐವತ್ತು ವರ್ಷದಲ್ಲಿ ನೀರು ಕುಡಿದು ಇಟ್ಟಿಗೆ ಥರ ಆಗಿತ್ತು. ಹೊಸ ಫೋಮು ಹಾಕೋವರೆಗೂ ನನ್ನ ಲೆಕ್ಕಕ್ಕೆ ಅರ್ಥವೇ ಇರಲಿಲ್ಲ. ಎರಡು ಶನಿವಾರ ಅದಕ್ಕೇ ಹೋಯ್ತು.

ಕೊನೆಗೆ ಟ್ರೋಫಿಗೆ ಹೆಸರು ಕೆತ್ತೋ ಅಂಗಡಿಯಲ್ಲಿ ಪ್ಲೇಟು ಮಾಡಿಸಿದೆ. ಕೋಸ್ಟ್ ಗಾರ್ಡ್ ಹೆಸರು ಹಾಕಿಸಲಿಲ್ಲ. ಕೆಳಗೆ ‘ಮಾಲೀಕನ ಲೆಕ್ಕ, ತಯಾರಕರದ್ದಲ್ಲ’ ಅಂತ ಒಂದು ಸಾಲು. ಅಂಗಡಿಯವನು "ಆರು ಅಂತ ಹಾಕ್ಲಾ, ದುಡ್ಡು ಅಷ್ಟೇ" ಅಂತ ತಮಾಷೆ ಮಾಡಿದ. ನಗು ಬರಲಿಲ್ಲ.

ಜುಲೈಯಲ್ಲಿ ಕೆರೆಯ ದಡದಲ್ಲಿ ಅಪ್ಪ ಕನ್ನಡಕ ಏರಿಸಿ ಪ್ಲೇಟು ಓದಿದ್ರು.

"ಐದು ಅಂದಿದ್ದೆಯಲ್ಲೋ?"

"ಗೊತ್ತಿಲ್ಲದೇ ಹೇಳಿದ್ದೆ ಅಪ್ಪಾ. ನಾಲ್ಕು. ನಮ್ಮ ತೂಕಕ್ಕೆ ಮೂರೇ."

ಅಪ್ಪ ಏನೂ ಹೇಳಲಿಲ್ಲ. ಲೈಫ್ ಜಾಕೆಟ್ಟಿನ ಬಕಲ್ ಹಾಕಿಕೊಂಡು, ಅಮ್ಮನ ಕೈ ಹಿಡಿದು ಹತ್ತಿಸಿ, ತಾವೂ ಕೂತ್ರು. ಇವಳೂ ಭಾವಮೈದನೂ ದಡದಲ್ಲೇ ಚಕ್ಕುಲಿ ತಿಂತಾ ಕಾದ್ರು. ನಾನು ಮೋಟಾರಿನ ಹಗ್ಗ ಎಳೆಯೋ ಮುಂಚೆ ಅಪ್ಪ ಒಮ್ಮೆ ತಿರುಗಿ ನೋಡಿ, ಬೆರಳು ಮಡಚಿ ಎಣಿಸಿದ್ರು. ಇದ್ದಿದ್ದು ನಾವು ಮೂರೇ ಜನ.

"ಹ್ಞಾಂ, ಬಿಡು" ಅಂದ್ರು.