ವನ್ಸ್ ಮೋರ್ ಸೀಮೆ

1905ರಲ್ಲಿ ಮಿರಜಿನ ಹಂಸಪ್ರಭಾ ಥಿಯೇಟರಿನಲ್ಲಿ 17 ವರ್ಷದ ಹುಡುಗನೊಬ್ಬ ಸೀರೆ ಉಟ್ಟು ಶಕುಂತಲೆಯಾಗಿ ನಿಂತ. ನಾರಾಯಣ ಶ್ರೀಪಾದ ರಾಜಹಂಸ ಎಂದರೆ ಈಗ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಬಾಲಗಂಧರ್ವ ಎಂದರೆ ಸಾಕು. ಕಿರ್ಲೋಸ್ಕರ ನಾಟಕ ಮಂಡಳಿಯ ಆ ಪ್ರಯೋಗದಿಂದ ಮುಂದೆ ಮೂರು ದಶಕ ಮರಾಠಿ ಸಂಗೀತ ನಾಟಕಕ್ಕೂ ಅವರ ಹೆಸರಿಗೂ ಬಿಡಿಸಲಾಗದ ಗಂಟು ಬಿತ್ತು. ಮಿರಜ ಬೆಳಗಾವಿ ಜಿಲ್ಲೆಯ ಗಡಿಯ ನಮ್ಮವರಿಗೆ ಪರಸ್ಥಳವಲ್ಲ. ಸತ್ತಿಯಿಂದ ಅಥಣಿ, ಅಥಣಿಯಿಂದ ಕಾಗವಾಡ, ಕಾಗವಾಡದ ಹದ್ದು ದಾಟಿದರೆ ಮಿರಜ. ಶೇಡಬಾಳ, ಉಗಾರ, ಕುಡಚಿ, ರಾಯಬಾಗದವರಿಗಂತೂ ನೇರ ರೈಲು. 1956ರ ರಾಜ್ಯ ಗಡಿಯ ಗೆರೆ ಆಗಿನ್ನೂ ಬಿದ್ದಿರಲಿಲ್ಲ. ಪೇಟೆಗೆ, ದವಾಖಾನೆಗೆ, ನಾಟಕಕ್ಕೆ ಎಲ್ಲಕ್ಕೂ ಅದೇ ಊರು.

ಈ ಸೀಮೆಯ ರಸಿಕರ ಕಾಯಿದೆ ಪುಸ್ತಕದಲ್ಲಿ ಇದ್ದದ್ದು ಒಂದೇ ಕಲಮು: ವನ್ಸ್ ಮೋರ್. ಹಾಡು ಮುಗಿಯುತ್ತಲೇ ಮುಂದಿನ ಸಾಲಿನಿಂದ ಒಬ್ಬ ಕೂಗಿದರೆ ಹಿಂದಿನವರೆಲ್ಲ ಎತ್ತಿಕೊಳ್ಳುತ್ತಿದ್ದರು. ರಂಗದ ಮೇಲೆ ಕತೆ ಅಲ್ಲಿಗೇ ನಿಲ್ಲಬೇಕು. ದುಷ್ಯಂತ ಮರದ ಮರೆಯಲ್ಲಿ ಹಾಗೇ ನಿಂತಿರಬೇಕು, ಸಖಿಯರು ನೀರಿನ ಕೊಡ ಹೊತ್ತೇ ಇರಬೇಕು, ಆರ್ಗನ್ನಿನವನು ಮತ್ತೆ ಸ್ವರ ಹಿಡಿಯಬೇಕು. ಎರಡನೆಯ ಸಲ ಮೊದಲಿನ ಹಾಗೆಯೇ ಹಾಡಿದರೆ ಮಂದಿ ಒಪ್ಪುವುದಿಲ್ಲ. ತಾನ ಬೇರೆ ಬರಬೇಕು, ಮೀಂಡ ಬೇರೆ ಕಡೆ ಬೀಳಬೇಕು, ಸಮ್ಮಿಗೆ ಬಂದು ಸೇರುವ ದಾರಿಯೂ ಹೊಸದಾಗಬೇಕು. 1913ರಲ್ಲಿ ಬಾಲಗಂಧರ್ವರು ಸ್ವಂತ ಕಂಪನಿ ಕಟ್ಟಿದ ಮೇಲೆ ಅಲ್ಲಿ ತಬಲಾಕ್ಕೆ ಕೂತವರು ಅಹ್ಮದ್‌ಜಾನ್ ತಿರಕವಾ, ಸಾರಂಗಿಗೆ ಕಾದರ್‌ಬಕ್ಷ್. ಇಂಥವರು ಬೆನ್ನಿಗಿದ್ದಾಗ ಮೂರನೆಯ ಸಲ ಕೇಳಿದರೂ ಹಾಡುವವರಿಗೆ ಬೇಸರವೆಲ್ಲಿಯದು? ರಾತ್ರಿ ಎದ್ದ ಪರದೆ ಕೋಳಿ ಕೂಗುವ ಹೊತ್ತಿಗೆ ಬೀಳುತ್ತಿತ್ತು. ಪ್ರಾಣ ಬಿಡುತ್ತ ಹಾಡಿದ ನಾಯಕ ಕೂಗಿಗೆ ಓಗೊಟ್ಟು ಎದ್ದು ಕುಳಿತು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸತ್ತ ಕತೆಯನ್ನು ಎಲ್ಲ ಕಂಪನಿಯವರೂ ತಮ್ಮಲ್ಲೇ ನಡೆದದ್ದೆಂದು ಹೇಳುತ್ತಾರೆ.

ಹಾಡಿನ ಹುಚ್ಚಿನಲ್ಲಿ ನಾಟಕವನ್ನೇ ಕೊಂದರು ಎಂದು ಬೈದ ಪಂಡಿತರಿದ್ದರು. ಬೈಗುಳದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಶಕುಂತಲೆಯ ಉಂಗುರ ಎಲ್ಲಿ ಬಿತ್ತೆಂಬುದು ಈ ಮಂದಿಗೆ ಮೊದಲೇ ಗೊತ್ತು. ಗೊತ್ತಿರುವ ಕತೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುವವರು ಕತೆಗಾಗಿ ಹೋಗುವುದಿಲ್ಲ.

ಸಂಗೀತ ನಾಟಕ ಮರಾಠಿಯದು, ಅದಕ್ಕೆ ತಲೆದೂಗುವ ಕನ್ನಡಿಗರು ಎರವಲು ರಸಿಕರು ಎಂದು ಯಾರಾದರೂ ಅಂದರೆ ಲೆಕ್ಕ ತೆಗೆಯಬೇಕಾಗುತ್ತದೆ. 1842ರ ಸುಮಾರಿಗೆ ಹೊನ್ನಾವರ ಕಡೆಯ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಗೆ ಹೋಗಿ ಆಡಿತು. ಅದನ್ನು ನೋಡಿದ ಸಾಂಗ್ಲಿಯ ರಾಜರು ಹಾಗೊಂದು ಆಟ ಮರಾಠಿಯಲ್ಲಿ ಆಗಲೆಂದರು. 1843ರಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಅದೇ ವರ್ಷ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನೂ ಎರಡು ವರ್ಷದ ಮೇಲೆ ‘ಸೌಭದ್ರ’ವನ್ನೂ ರಂಗಕ್ಕೆ ತಂದರು. ಅವರ ಹಾಡುಗಳಲ್ಲಿ ಕನ್ನಡದ ಧಾಟಿಗಳು ಕೇಳಿಸುತ್ತವೆ. ಕೇಳಿಸದಿದ್ದರೆ ಆಶ್ಚರ್ಯವಾಗಬೇಕಿತ್ತು. ಮಲಪ್ರಭೆಯ ದಂಡೆಯ ಹುಡುಗನ ಕಿವಿಗೆ ಬಯಲಾಟ, ಪಾರಿಜಾತ ಬೀಳದೆ ಇದ್ದೀತೇ?

‘ಶ್ರೀಕೃಷ್ಣ ಪಾರಿಜಾತ’ದ ವಿಷಯಕ್ಕೆ ಬಂದರೆ ತುಸು ನಿಲ್ಲಬೇಕು. ಅಪರಾಳ ತಮ್ಮಣ್ಣ ಕಟ್ಟಿದ, ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿದ ಈ ಆಟದಲ್ಲಿ ನಡೆಯುವುದು ಅಷ್ಟರಲ್ಲೇ ಇದೆ. ನಾರದ ತಂದ ಒಂದು ಹೂವು ರುಕ್ಮಿಣಿಗೆ ಹೋಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಸಮಾಧಾನ ಮಾಡುತ್ತಾನೆ. ಈ ಒಂದು ಮುನಿಸನ್ನು ಇಡೀ ರಾತ್ರಿ ಎಳೆಯಬೇಕೆಂದರೆ ಹಾಡಿನಿಂದಲೇ ಎಳೆಯಬೇಕು. ಸವತಿಯ ಮಾತು ಬಂದಾಗ ಹೆಣ್ಣುಮಕ್ಕಳ ಕಡೆಯಿಂದ ಒಂದು ನಗೆ, ಕೃಷ್ಣ ಸುಳ್ಳು ಹೇಳಿದಾಗ ಗಂಡಸರ ಕಡೆಯಿಂದ ಇನ್ನೊಂದು. ಪಾರಿಜಾತಕ್ಕೆ ಹೆಸರಾಗಿದ್ದ ಕೌಜಲಗಿ ನಿಂಗಮ್ಮನ ದನಿಯನ್ನು ನೆನೆಸುವ ಹಿರಿಯರು ಪಾತ್ರದ ಹೆಸರು ಹೇಳುವುದಿಲ್ಲ, ಯಾವ ಪದ ಹೇಗೆ ಎತ್ತಿದಳೆಂದು ಹೇಳುತ್ತಾರೆ. ವನ್ಸ್ ಮೋರ್ ಎಂಬ ಇಂಗ್ಲಿಷ್ ಕೂಗು ಬರುವ ಮೊದಲೇ ಅದರ ಕೆಲಸ ಇಲ್ಲಿ ನಡೆದಿತ್ತು.

ಕೊಡುಕೊಳ್ಳುವಿಕೆ ಅಲ್ಲಿಗೂ ಮುಗಿಯಲಿಲ್ಲ. ಕೊಲ್ಹಾಪುರದ ಕೇಶವರಾವ ಭೋಸಲೆ ತಮ್ಮ ‘ಲಲಿತಕಲಾದರ್ಶ’ ಕಂಪನಿಯನ್ನು 1908ರಲ್ಲಿ ಶುರು ಮಾಡಿದ್ದು ಹುಬ್ಬಳ್ಳಿಯಲ್ಲಿ. ಕುಂದಗೋಳದ ರಾಮಭಾವು ಮರಾಠಿ ರಂಗದಲ್ಲಿ ಸ್ತ್ರೀಪಾತ್ರ ಮಾಡಿ ಎಷ್ಟು ಮೆರೆದರೆಂದರೆ ಅಭಿಮಾನಿಗಳು ಅವರನ್ನು ಸವಾಯಿ ಗಂಧರ್ವರನ್ನಾಗಿ ಮಾಡಿದರು. ಅಸಲು ಗಂಧರ್ವರಿಗಿಂತ ಕಾಲು ಪಾಲು ಜಾಸ್ತಿ ಎಂಬ ಹಟ. ಬೀಳಗಿಯ ಅಕ್ಕತಂಗಿಯರಲ್ಲಿ ಅಮೀರಬಾಯಿ ಕರ್ನಾಟಕಿ ಹಿಂದಿ ಸಿನಿಮಾಕ್ಕೆ ಹೋಗಿ ‘ಕಿಸ್ಮತ್’ನಲ್ಲಿ ಹಾಡಿ ದೇಶಕ್ಕೆಲ್ಲ ಪರಿಚಯವಾದರೆ, ಗೋಹರಬಾಯಿ 1938ರಲ್ಲಿ ಬಾಲಗಂಧರ್ವರ ಕಂಪನಿ ಸೇರಿ ಅವರ ನಾಯಿಕೆಯರ ಪಾತ್ರಗಳನ್ನೇ ವಹಿಸಿಕೊಂಡರು. ಗಂಧರ್ವಭಕ್ತರು ಆಕೆಯನ್ನು ಕ್ಷಮಿಸಲಿಲ್ಲ. ಗಂಡಸು ಹೆಣ್ಣಾಗಿ ಹಾಡಿದಾಗ ಪ್ರಾಣ ಕೊಡುವ ಮಂದಿ ಹೆಣ್ಣೇ ಹೆಣ್ಣಾಗಿ ನಿಂತರೆ ಮುಖ ಸೊಟ್ಟ ಮಾಡಿದರು. ಅಭಿಮಾನದ ನ್ಯಾಯವೇ ಹಾಗೆ, ಅದಕ್ಕೆ ಅಪೀಲಿಲ್ಲ.

ಅಭಿಮಾನಿಗಳ ಪಕ್ಷಗಳಿಗೂ ಕೊರತೆಯಿರಲಿಲ್ಲ. ಖಾಡಿಲ್ಕರರ ‘ಮಾನಾಪಮಾನ’ 1911ರ ನಾಟಕ; ಅದಕ್ಕೆ ರಾಗ ಹಾಕಿದವರು ಗೋವಿಂದರಾವ ಟೆಂಬೆ. ಹತ್ತು ವರ್ಷದ ಮೇಲೆ, 1921ರ ಜುಲೈ 8ರಂದು ಮುಂಬಯಿಯಲ್ಲಿ ತಿಲಕ ಸ್ವರಾಜ್ಯ ನಿಧಿಗಾಗಿ ಅದೇ ನಾಟಕದಲ್ಲಿ ಎದುರಾಳಿ ಕಂಪನಿಗಳ ಒಡೆಯರಿಬ್ಬರೂ ಒಟ್ಟಿಗೆ ನಿಂತರು: ಧೈರ್ಯಧರನಾಗಿ ಕೇಶವರಾವ, ಭಾಮಿನಿಯಾಗಿ ಬಾಲಗಂಧರ್ವ. ಅವತ್ತು ಗೆದ್ದವರು ಯಾರೆಂಬ ವಾದ ಇಬ್ಬರೂ ಹೋದ ಮೇಲೂ ನಿಲ್ಲಲಿಲ್ಲ. ಕೇಶವರಾವ ಆ ಅಕ್ಟೋಬರಿನಲ್ಲೇ ತೀರಿಕೊಂಡರು. ಅವರ ಹೆಸರು ಹೊತ್ತ ಕೊಲ್ಹಾಪುರದ ನಾಟ್ಯಗೃಹಕ್ಕೆ 2024ರ ಆಗಸ್ಟ್ 8ರ ರಾತ್ರಿ, ಅವರ ಜನ್ಮದಿನದ ಮುನ್ನಾದಿನ, ಬೆಂಕಿ ಬಿತ್ತು. ಶಾಹು ಮಹಾರಾಜರ ಕಾಲದ ರಂಗಮಂದಿರ ಅದು. ಕೊಲ್ಹಾಪುರದಿಂದ ನಿಪ್ಪಾಣಿ ಸುಮಾರು 40 ಕಿಲೋಮೀಟರ್; ಸುದ್ದಿ ಈ ಕಡೆಗೂ ಮನೆಯ ಸಾವಿನ ಸುದ್ದಿಯಂತೆಯೇ ಬಂತು.

ಇನ್ನು ಸಿನಿಮಾ. ಅದೂ ನಮ್ಮ ಮಗ್ಗುಲಲ್ಲೇ ಮಾತು ಕಲಿಯಿತು. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್ ಕಂಪನಿ 1932ರಲ್ಲಿ ‘ಅಯೋಧ್ಯೇಚಾ ರಾಜಾ’ ತೆಗೆದಾಗ ಹರಿಶ್ಚಂದ್ರನಾದವರು ಅದೇ ಟೆಂಬೆ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ತೆರೆ ಕಂಡದ್ದು 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್‌ನಲ್ಲಿ ಹೌದು, ಆದರೆ ಚಿತ್ರೀಕರಣವಾದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು, ರಾವಣನಾದ ಆರ್. ನಾಗೇಂದ್ರರಾವ್ ಇಬ್ಬರೂ ಕಂಪನಿ ನಾಟಕದಲ್ಲಿ ಪಳಗಿದವರು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹಾಡುಗಳೂ ಮಾತುಗಳೂ ರಂಗದ ಗತ್ತಿನವೇ. ಮೈಸೂರು ಸೀಮೆಯ ನಟರು ಇಷ್ಟು ದೂರ ಬಂದು ಕನ್ನಡ ಸಿನಿಮಾ ಮಾಡಿ ಹೋದರು. ಚಿಕ್ಕೋಡಿಯವರು ಅದನ್ನು ನೋಡಲು ದಕ್ಷಿಣದಿಂದ ರೀಲು ಬರುವುದನ್ನು ಕಾಯಬೇಕಿತ್ತು.

ಬಾಲಗಂಧರ್ವರೂ ಸಿನಿಮಾಕ್ಕೆ ಹೋದರು. ಪ್ರಭಾತ್ ಜೊತೆ ಆರು ಚಿತ್ರಗಳ ಕರಾರು. 1935ರಲ್ಲಿ ಪ್ರಭಾತ್‌ನ ಶಾಂತಾರಾಮ್ ಬಾಲಗಂಧರ್ವರನ್ನು ಸಂತ ಏಕನಾಥನನ್ನಾಗಿ ಮಾಡಿದರು. ಚಿತ್ರಕ್ಕೆ ಮೊದಲಿಟ್ಟ ‘ಮಹಾತ್ಮಾ’ ಹೆಸರಿಗೆ ಸೆನ್ಸಾರಿನವರು ಕೊಕ್ಕೆ ಹಾಕಿದ್ದರಿಂದ ಅದು ‘ಧರ್ಮಾತ್ಮಾ’ ಆಯಿತು. ಸೆನ್ಸಾರಿಗಿಂತ ದೊಡ್ಡ ಪೆಟ್ಟು ಕೊಟ್ಟವರು ಅಭಿಮಾನಿಗಳು. ಭಾಮಿನಿಯ ಸೀರೆಯ ನಿರಿಗೆಯನ್ನು ಕಣ್ಣಲ್ಲಿ ಇಟ್ಟುಕೊಂಡಿದ್ದವರಿಗೆ ಮೀಸೆಯ ಗಂಧರ್ವ ಬೇಡವಾದರು. ಕರಾರು ಒಂದೇ ಚಿತ್ರಕ್ಕೆ ಮುರಿಯಿತು. ಮುಂದೆ ಬಾಬುರಾವ್ ಪೇಂಟರ್ ಗಂಧರ್ವರನ್ನು ಮತ್ತೆ ಸ್ತ್ರೀವೇಷದಲ್ಲಿ ನಿಲ್ಲಿಸಿ, ರಂಗದ ನಾಟಕವನ್ನೇ ಎತ್ತಿಟ್ಟ ಹಾಗೆ ‘ಸಾಧ್ವಿ ಮೀರಾಬಾಯಿ’ ತೆಗೆದರು. ಅದೂ ಹತ್ತಲಿಲ್ಲ. ಐವತ್ತರ ಹತ್ತಿರದ ಗಂಡಸು ದೂರದ ದೀಪದ ಬೆಳಕಿನಲ್ಲಿ ಹೆಣ್ಣಾಗಬಲ್ಲ, ಕ್ಯಾಮೆರಾದ ಎದುರು ಆಗಲಾರ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮಾಸ್ತರರು ಹೇಳುತ್ತಾರೆ: ಸಿನಿಮಾಕ್ಕೆ ಕಿವಿಯಿಲ್ಲ. ನೀವು ಎಷ್ಟು ಕೂಗಿದರೂ ರೀಲು ಮುಂದೆ ಹೋಗುತ್ತದೆ. ರಾತ್ರಿಯನ್ನು ಹಿಗ್ಗಿಸುವ ಹಕ್ಕು ಕಳಕೊಂಡು ಕೂತ ರಸಿಕನಿಗೆ ಅದೇ ಗಂಧರ್ವರ ಗ್ರಾಮಫೋನ್ ತಟ್ಟೆಯೇ ವಾಸಿ ಎನಿಸಿದರೆ ತಪ್ಪಿಲ್ಲ. ಅದರ ಮುಳ್ಳನ್ನಾದರೂ ಎತ್ತಿ ಹಿಂದಕ್ಕೆ ಇಡಬಹುದಿತ್ತು.

ಸಂಗೀತ ನಾಟಕ ಸಿನಿಮಾದಲ್ಲಿ ಸೋಲಲೇಬೇಕು ಎಂಬ ನಿಯಮವೇನೂ ಇಲ್ಲ. ವಸಂತರಾವ್ ದೇಶಪಾಂಡೆ ಖಾನ್‌ಸಾಹೇಬರಾಗಿ ಮೆರೆದ, ಜಿತೇಂದ್ರ ಅಭಿಷೇಕಿಯವರ ಸಂಗೀತದ 1967ರ ‘ಕಟ್ಯಾರ್ ಕಾಳಜಾತ್ ಘುಸಲಿ’ 2015ರಲ್ಲಿ ಸುಬೋಧ ಭಾವೆಯವರ ಕೈಯಲ್ಲಿ ಚಿತ್ರವಾದಾಗ ಸಾಂಗ್ಲಿ, ಮಿರಜಗಳ ಥಿಯೇಟರಿಗೆ ಗಡಿಯ ಈಚೆಯಿಂದಲೂ ಮಂದಿ ಹೋದರು. ಖಾನ್‌ಸಾಹೇಬರಿಗೆ ದನಿ ಕೊಟ್ಟವರು ವಸಂತರಾವ್ ಅವರ ಮೊಮ್ಮಗ ರಾಹುಲ್. ಅಜ್ಜನ ಧ್ವನಿಮುದ್ರಿಕೆ ಇಟ್ಟುಕೊಂಡವರು ಮೊಮ್ಮಗನನ್ನು ತೂಗದೆ ಬಿಟ್ಟಾರೆಯೇ? ಅದೇ ಚಿತ್ರದಲ್ಲಿ ಹಾಡಿದ ಮಹೇಶ ಕಾಳೆಯವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಹುರುಪಿನಲ್ಲಿ ಭಾವೆ 2025ರ ಜನವರಿಯಲ್ಲಿ ‘ಸಂಗೀತ ಮಾನಾಪಮಾನ’ವನ್ನೂ ತಂದರು. ಹಳಬರು ಸಿನಿಮಾಕ್ಕೆ ಇಟ್ಟ ತಕರಾರು ಹಳೆಯದೇ: “ಹಾಡ ಚೊಲೊ ಅದಾವ್ರಿ, ಆದ್ರ ಲಗೂ ಮುಗೀತಾವ.”

ಕನ್ನಡ ಕಂಪನಿ ನಾಟಕದ ಕಡೆಗೆ ತಿರುಗಿದರೆ ತಕ್ಕಡಿ ಬೇರೆ ಕಡೆ ವಾಲುತ್ತದೆ. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಮೆರೆದ ನಾಟಕ. ಸಿರಿವಂತರ ಮನೆಯ ಸೊಕ್ಕಿನ ಹುಡುಗಿ, ಅವಳ ಸೊಕ್ಕಿಗೆ ತಲೆಬಾಗದ ಹಳ್ಳಿಯ ಗಂಡು: ಮಂದಿಗೆ ಬೇಕಾದ ಸಾಮಾನೆಲ್ಲ ಅದರಲ್ಲಿತ್ತು. 1974ರಲ್ಲಿ ಎ.ವಿ. ಶೇಷಗಿರಿ ರಾವ್ ಅದನ್ನು ರಾಜಕುಮಾರ್, ಮಂಜುಳಾ ಜೋಡಿಯಲ್ಲಿ ಸಿನಿಮಾ ಮಾಡಿದರು. ಎಮ್ಮೆಯ ಮೇಲೆ ಕೂತ ರಾಜಕುಮಾರ್ ಜಿ.ಕೆ. ವೆಂಕಟೇಶರ ರಾಗಕ್ಕೆ ತಮ್ಮದೇ ಕೊರಳಲ್ಲಿ ಹಾಡಿದರು, ಅಲ್ಲಿಂದಾಚೆ ತಮ್ಮ ಚಿತ್ರಗಳ ಹಾಡುಗಾರರೂ ಅವರೇ ಆದರು. ಗುಬ್ಬಿ ಕಂಪನಿಯ ಗರಡಿಯಲ್ಲಿ ಬೆಳೆದ ಆ ಕೊರಳು ರಂಗದಿಂದ ಪರದೆಗೆ ಬಂದದ್ದು ತಡವಾಗಿ, ಆದರೆ ಬಂದ ದಾರಿ ಒಂದು ನಾಟಕದ್ದು ಎಂಬುದನ್ನು ಸಿನಿಮಾ ಪಂಡಿತರು ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ಆ ಹಾಡು ಮರಳಿ ರಂಗಕ್ಕೂ ಬಂತು. ಕೃಷ್ಣಾ ತೀರದ ಹಳ್ಳಿಗಳ ಜಾತ್ರೆಯಲ್ಲಿ ಊರ ಹುಡುಗರೇ ನಾಟಕ ಆಡುತ್ತಾರೆ. ಸೀನು ಬಾಡಿಗೆಗೆ ಬರುತ್ತದೆ, ನಾಯಿಕೆ ಬೇರೆ ಊರಿಂದ ಬರುತ್ತಾಳೆ, ಪೆಟ್ಟಿಗೆ ಮಾಸ್ತರರು ತಿಂಗಳ ಮೊದಲೇ ತಾಲೀಮಿಗೆ ಬಂದಿರುತ್ತಾರೆ. ನಾಟಕ ಯಾವುದೇ ಇರಲಿ, ನಡುವೆ ಸಿನಿಮಾದ ಹಾಡಿಗೊಂದು ಎಡೆ ಇದ್ದೇ ಇದೆ. ನಾಯಕ ಹಾಡುತ್ತಿರುವಾಗಲೇ ಯಾರೋ ಮೇಲೆ ಹತ್ತಿ ಅವನ ಅಂಗಿಗೆ ನೋಟು ಚುಚ್ಚುತ್ತಾರೆ. ಮೈಕಿನಲ್ಲಿ ಆಯಾರ ಮಾಡಿದವರ ಹೆಸರು, ಮನೆತನ, ರೂಪಾಯಿ ಎಲ್ಲ ಕೂಗಿ ಹೇಳುತ್ತಾರೆ. ಕೂಗುವಷ್ಟು ಹೊತ್ತು ಖಳನಾಯಕ ಎತ್ತಿದ ಕತ್ತಿ ಎತ್ತಿಕೊಂಡೇ ನಿಂತಿರುತ್ತಾನೆ. ಸಿನಿಮಾದಲ್ಲಿ ಮೂರೂವರೆ ನಿಮಿಷಕ್ಕೆ ಮುಗಿದಿದ್ದ ಹಾಡು ಇಲ್ಲಿ ಕಾಲು ಗಂಟೆಯಾಗುತ್ತದೆ, ಗುಂಪು ಬಿಟ್ಟರೆ ಅರ್ಧ ಗಂಟೆಯಾಗುತ್ತದೆ.

ಊರಿನ ಗೋಡೆಗೆ ಅಂಟಿಸುವ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ನಟರ ಹೆಸರು, ಕಾಣಿಕೆ ಕೊಟ್ಟವರ ಫೋಟೊ, ಪೆಟ್ಟಿಗೆ ಮಾಸ್ತರರ ಊರು, ‘ರಾತ್ರಿ 10-30ಕ್ಕೆ ಸರಿಯಾಗಿ’ ಎಂಬ ಸಾಲು ಎಲ್ಲವೂ ಇರುತ್ತವೆ. ಮುಗಿಯುವ ಹೊತ್ತನ್ನು ಅಚ್ಚು ಹಾಕಿಸುವ ಧೈರ್ಯ ಮಾತ್ರ ಇನ್ನೂ ಯಾವ ಕಮಿಟಿಗೂ ಬಂದಿಲ್ಲ.