ಸಿಹಿ ಈರುಳ್ಳಿಯಿಂದ ಉಪ್ಪಿನ ಆಗರದವರೆಗೆ

ಬೆಳಗಿನ ಜಾವ ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಗಾಳಿ ಬಲಗಡೆಯಿಂದ ಬೀಸುತ್ತದೆ. ರಾತ್ರಿಯಿಡೀ ಘಟ್ಟದ ಕಾಡಿನಲ್ಲಿ ತಣಿದು ನದಿಗುಂಟ ಇಳಿದು ಬಂದ ಗಾಳಿ. ಎಡಕ್ಕೆ ಕಡಲು. ಇವೆರಡರ ನಡುವಿನ ಕಿರಿದಾದ ನೆಲದಲ್ಲಿ ಉತ್ತರಕ್ಕೆ ಪೆಡಲು ತುಳಿಯುವುದೇ ಇಂದಿನ ಕೆಲಸ: ಕುಮಟಾ, ಅಘನಾಶಿನಿಯ ಅಳಿವೆ, ಸಾಣಿಕಟ್ಟಾದ ಉಪ್ಪಿನ ಆಗರ. ಮಾರ್ಚ್ ತಿಂಗಳ ಕೊನೆ. ಗೇರುಹಣ್ಣಿನ ಘಾಟು ಆಗಲೇ ರಸ್ತೆಗೆ ಬಂದಿದೆ. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಸಿಗದ ಈ ವಾಸನೆಗಳನ್ನೇ ನಂಬಿ ಹೊರಟಿದ್ದೇನೆ, ಬನ್ನಿ.

ಯಕ್ಷಗಾನದ ಊರು ಕರ್ಕಿ ಹಿಂದೆ ಸರಿಯುತ್ತದೆ. ಹಳದೀಪುರ ದಾಟಿದ ಮೇಲೆ, ಹಂದಿಗೋಣದ ಹತ್ತಿರ, ಹೆದ್ದಾರಿಯ ಅಂಚು ಇದ್ದಕ್ಕಿದ್ದಂತೆ ಬಣ್ಣ ಬದಲಿಸುತ್ತದೆ. ಗಳಗಳ ಮೇಲೆ ಸಾಲುಸಾಲಾಗಿ ಜೋತುಬಿದ್ದ ಈರುಳ್ಳಿ ಗೊಂಚಲುಗಳು. ಒಣಗಿದ ದಂಟುಗಳನ್ನೇ ಜಡೆ ಹೆಣೆದು ತೂಗಿಬಿಟ್ಟಿದ್ದಾರೆ. ಎಳೆಬಿಸಿಲು ಬಿದ್ದಾಗ ಅವುಗಳ ಸಿಪ್ಪೆ ನಸುಗೆಂಪಿಗೆ ತಿರುಗುತ್ತದೆ. ಭತ್ತ ಕೊಯ್ದಾದ ಮರಳುಮಿಶ್ರಿತ ಗದ್ದೆಗಳಲ್ಲಿ ಬೆಳೆಯುವ ಕುಮಟಾದ ಸಿಹಿ ಈರುಳ್ಳಿ ಇದು. ಅಂಗಡಿಯ ಅಮ್ಮ ಒಂದನ್ನು ಮುಷ್ಟಿಯಲ್ಲೇ ಒಡೆದು ಕೈಗಿಡುತ್ತಾಳೆ. ಕಚ್ಚಿದರೆ ಕಣ್ಣೀರಿಲ್ಲ, ಬರೀ ರಸ.

“ಈ ಬಿಸ್ಲಲ್ಲಿ ಎಂತಕ್ಕೆ ತಮಾ ಸೈಕಲ್ಲು? ಬಸ್ ಇಲ್ವಾ?”

“ಬಸ್ಸಲ್ಲಿ ಹೋಗಿದ್ರೆ ನಿಮ್ಮ ಈರುಳ್ಳಿ ತಿಂತಿದ್ನಾ ಅಮಾ?”

ನಕ್ಕು ಇನ್ನೊಂದು ಕೊಡುತ್ತಾಳೆ.

ಕುಮಟಾದಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದೊಡನೆ ಲಾರಿಗಳ ಗದ್ದಲ ನಿಲ್ಲುತ್ತದೆ. ಸೈಕಲ್ಲಿನ ಸರಪಳಿಯ ಸದ್ದು ಕೇಳತೊಡಗುತ್ತದೆ. ಹೊಲನಗದ್ದೆ, ಬಾಡ, ಗುಡೇಅಂಗಡಿ, ಕಾಗಾಲ. ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಚಿರೆಕಲ್ಲಿನ ಕಾಂಪೌಂಡು, ತುಳಸಿಕಟ್ಟೆ, ಅಂಗಳದಲ್ಲಿ ಒಣಹಾಕಿದ ಕೊಬ್ಬರಿ. ಹತ್ತು ಮಾರು ಮುಂದೆ ಬಲೆ, ಒಣಮೀನು, ಅದರ ಮೇಲೆ ಕಣ್ಣಿಟ್ಟ ಕಾಗೆ. ಏರೊಂದನ್ನು ಏದುಸಿರು ಬಿಡುತ್ತ ಹತ್ತಿದರೆ ತೆಂಗಿನ ತಲೆಗಳ ಮೇಲೆ ಕಡಲು ನೀಲಿಯಾಗಿ ಎದ್ದು ನಿಲ್ಲುತ್ತದೆ. ಇಳಿಜಾರಿನಲ್ಲಿ ಬೆವರೆಲ್ಲ ಗಾಳಿಗೆ ಹೋಗಿ, ತುಟಿಯ ಮೇಲೆ ಉಪ್ಪು ಮಾತ್ರ ಉಳಿಯುತ್ತದೆ.

ಕಾಗಾಲದ ಆಚೆ ನೆಲ ತಟ್ಟನೆ ಚಪ್ಪಟೆಯಾಗುತ್ತದೆ. ಇದು ಗಜನಿ. ಅಘನಾಶಿನಿಯ ಸವಳು ನೀರು ಏರಿಳಿಯುವ ಬಯಲು. ಈಗ ಇಲ್ಲಿ ಹೊಳೆಯುವ ನೀರು, ಬೆಳ್ಳಕ್ಕಿ, ಒಡ್ಡಿನ ಗುಂಟ ಕಾಂಡ್ಲಾ ಗಿಡಗಳ ಕಡುಹಸಿರು ಅಷ್ಟೇ. ಮಳೆಗಾಲದಲ್ಲಿ ಸಿಹಿನೀರು ಹರಿದು ನೆಲದ ಉಪ್ಪನ್ನು ತೊಳೆದಾಗ ಇದೇ ಕೆಸರಿನಲ್ಲಿ ಕಗ್ಗ ಬಿತ್ತುತ್ತಾರೆ. ಉಪ್ಪಿಗೂ ಜಗ್ಗದ, ನೆರೆಗೂ ಮುಳುಗಿ ಸಾಯದ ಭತ್ತ ಅದು. ಗೊಬ್ಬರ ಕೇಳುವುದಿಲ್ಲ, ಭರತ ತಂದು ಹಾಕಿದ್ದೇ ಅದರ ಊಟ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೇ ಬಿಡುತ್ತಾರೆ. ಆಮೇಲೆ ಒಡ್ಡಿನ ತೂಬು ತೆರೆದರೆ ಉಪ್ಪುನೀರಿನೊಂದಿಗೆ ಶೆಟ್ಲಿ, ಅಂದರೆ ಸೀಗಡಿ, ಒಳಗೆ ಬಂದು ಆ ಕೊಳೆತ ಹುಲ್ಲಿನ ನಡುವೆ ಬೆಳೆಯುತ್ತದೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಅದಕ್ಕೊಂದು ಪದಾರ್ಥ! ಕಡಲನ್ನು ಪೂರ್ತಿ ಹೊರಗಟ್ಟದೆ, ಪೂರ್ತಿ ಒಳಬಿಡದೆ, ಬಾಗಿಲಲ್ಲಿ ನಿಲ್ಲಿಸಿಕೊಂಡು ವ್ಯವಹಾರ ಮಾಡುವ ಈ ಜಾಣ್ಮೆಗೆ ಬೆರಗಾಗಿ ಸೈಕಲ್ ನಿಲ್ಲಿಸಿಬಿಟ್ಟಿದ್ದೇನೆ.

ಅಘನಾಶಿನಿ ಊರಿನಲ್ಲಿ ರಸ್ತೆ ನೀರಿಗೆ ಬಂದು ಮುಗಿಯುತ್ತದೆ. ಆಚೆ ದಡದಲ್ಲಿ ತದಡಿ. ನಡುವೆ ಬೋಟು. ಬೈಕುಗಳು, ಅಕ್ಕಿಚೀಲ, ಮದುವೆಗೆ ಹೊರಟ ಜರಿಸೀರೆಗಳ ನಡುವೆ ನನ್ನ ಸೈಕಲ್ಲಿಗೂ ಜಾಗ ಸಿಗುತ್ತದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೂ ಅಣೆಕಟ್ಟು ಕಾಣದೆ ಇಲ್ಲಿವರೆಗೆ ಬಂದ ನದಿ ಇದು. ಹಾಗಾಗಿಯೇ ಇಲ್ಲಿ ಅದು ತರುವ ಮಣ್ಣು, ಎಲೆ, ಸಿಹಿನೀರು ಎಲ್ಲವೂ ಕಡಲಿಗೆ ಮುಟ್ಟುತ್ತದೆ. ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತು, ನದಿಯ ನಟ್ಟನಡುವೆ ಜನ ಸೊಂಟದುದ್ದ ನೀರಿನಲ್ಲಿ ನಿಂತಿದ್ದಾರೆ. ಪಕ್ಕದಲ್ಲಿ ಬುಟ್ಟಿ ತೇಲುತ್ತಿದೆ.

“ಬಳಚು ಹೆಕ್ಕುದು,” ಬೋಟಿನವನು ಹೇಳುತ್ತಾನೆ. “ನೀರು ಏರೂಕೆ ಮುಂಚೆ ಮುಗಿಸ್ಬೇಕು.”

ಚಿಪ್ಪಿನೊಳಗಿನ ಆ ಜೀವಕ್ಕೂ ಬೇಕಾದದ್ದು ಇದೇ ನೀರು: ಪೂರ್ತಿ ಉಪ್ಪೂ ಅಲ್ಲದ, ಪೂರ್ತಿ ಸಪ್ಪೆಯೂ ಅಲ್ಲದ ನೀರು.

ತದಡಿಯ ಬಂದರಿನಲ್ಲಿ ಮೀನುಬೋಟುಗಳ ಎಂಜಿನ್ನು, ಮಂಜುಗಡ್ಡೆ ಪುಡಿಯಾಗುವ ಕರಕರ, ಬಂಗಡೆ ಬುಟ್ಟಿಗಳ ಸುತ್ತ ಜೋರು ಚೌಕಾಸಿ. ತಲೆಯ ಮೇಲೆ ಗರುಡಗಳು ಸುತ್ತು ಹಾಕುತ್ತಿವೆ. ಅಲ್ಲಿಂದ ಸಾಣಿಕಟ್ಟಾದತ್ತ ತಿರುಗಿದರೆ ಹಸಿರು ತೆಳ್ಳಗಾಗುತ್ತ ಹೋಗಿ, ಕೊನೆಗೆ ಬಿಳುಪು.

ಉಪ್ಪಿನ ಆಗರ! ಚೌಕಚೌಕವಾದ ಮಡಿಗಳು ಆಕಾಶವನ್ನು ತುಂಡು ಮಾಡಿ ಹಂಚಿಕೊಂಡಿವೆ. ಭರತದಲ್ಲಿ ಒಳಬಂದ ನೀರನ್ನು ಒಂದು ಮಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತ ಬಿಸಿಲಿಗೆ ಒಪ್ಪಿಸುತ್ತಾರೆ. ಪ್ರತಿ ಮಡಿಯಲ್ಲೂ ನೀರು ಕಡಿಮೆ, ಉಪ್ಪು ಹೆಚ್ಚು. ಕಡೆಯ ಮಡಿಯಲ್ಲಿ ಮೇಲ್ಮೈ ಕೆನೆಗಟ್ಟಿ ಹರಳಾಗುತ್ತದೆ. ಉದ್ದ ಕೋಲಿನ ಹಲಗೆಯಿಂದ ಅದನ್ನು ಎಳೆಯುವಾಗಿನ ಸರ್ ಸರ್ ಸದ್ದು ಬಯಲೆಲ್ಲ ಕೇಳುತ್ತದೆ. ತಲೆತಲಾಂತರದಿಂದ ಈ ಕೆಲಸ ಬಲ್ಲವರು ಆಗೇರ ಸಮುದಾಯದವರು. ಮಡಿಯ ಮಣ್ಣನ್ನು ಒಳಗೊಂಡು ಬಂದ ಈ ಉಪ್ಪು ಅಂಗಡಿಯ ಪುಡಿಯಷ್ಟು ಬಿಳಿಯಲ್ಲ, ಕೊಂಚ ಮಾಸಲು. ಆದರೆ ಘಟ್ಟದ ಮೇಲಿನ ಮನೆಗಳಲ್ಲಿ ಮಿಡಿ ಉಪ್ಪಿನಕಾಯಿ ಹಾಕುವವರು ಇದನ್ನೇ ಹುಡುಕುತ್ತಾರೆ. ಅಘನಾಶಿನಿ ಹರಿದು ಬರುವ ಮೇಲಿನ ಕಣಿವೆಗಳು ಅಪ್ಪೆಮಿಡಿಯ ತವರು. ನದಿಯ ತಲೆಯಲ್ಲಿ ಮಿಡಿ, ಕಾಲಿನಲ್ಲಿ ಉಪ್ಪು, ಎರಡೂ ಸೇರುವುದು ಶಿರಸಿ-ಸಿದ್ದಾಪುರದ ಭರಣಿಗಳಲ್ಲಿ. ಬೆಳಿಗ್ಗೆಯಿಂದ ದಾರಿಯಲ್ಲಿ ಸಿಕ್ಕ ಎಲ್ಲಕ್ಕೂ ಇಲ್ಲಿ ನಂಟು ಕಾಣುತ್ತದೆ: ಈರುಳ್ಳಿ, ಕಗ್ಗ, ಶೆಟ್ಲಿ, ಬಳಚು, ಉಪ್ಪು. ಈ ಕರಾವಳಿ ಸಿಹಿಯನ್ನೂ ಉಪ್ಪನ್ನೂ ಗಡಿ ಹಾಕಿ ಬೇರೆಯಿಟ್ಟಿಲ್ಲ. ಅವು ಬೆರೆಯುವ ಪ್ರಮಾಣ ನೋಡಿಕೊಂಡು ಹೊಟ್ಟೆ ಹೊರೆಯುತ್ತದೆ.

ಮುಂದಿನ ಹನೇಹಳ್ಳಿ ಕತೆಗಾರ ಯಶವಂತ ಚಿತ್ತಾಲರ ಊರು. ಮುಂಬಯಿಯಲ್ಲಿದ್ದುಕೊಂಡೂ ಅವರು ಮತ್ತೆ ಮತ್ತೆ ಬರೆದದ್ದು ಈ ಬೇಲಿ, ಈ ಓಣಿಗಳನ್ನು. ತಲೆಯ ಮೇಲೆ ತರಕಾರಿ ಬುಟ್ಟಿ, ಕೊರಳು ತುಂಬ ಮಣಿಸರಗಳಿರುವ ಹಾಲಕ್ಕಿ ಹೆಂಗಸರಿಬ್ಬರು ಎದುರಾಗಿ, ನನ್ನ ಹೆಲ್ಮೆಟ್ಟು ನೋಡಿ ಕಿಸಕ್ಕೆಂದು ನಕ್ಕು ಹೋಗುತ್ತಾರೆ. ಇಲ್ಲಿಂದ ಎಡಕ್ಕೆ ಹೋದರೆ ಗೋಕರ್ಣ. ಉತ್ತರಕ್ಕೆ ಗಂಗಾವಳಿ, ಅದರಾಚೆ ಅಂಕೋಲಾ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕದ ಜನ ಕಾಯಿದೆ ಮುರಿದ ಕಡಲತೀರ ಅಲ್ಲಿದೆ. ಆಗರದ ಬಿಸಿಲನ್ನು ಬೆನ್ನಲ್ಲಿ ಹೊತ್ತು ಹೋದವರಿಗೆ ಆ ಚರಿತ್ರೆ ಪಾಠಪುಸ್ತಕದ್ದಾಗಿ ಉಳಿಯುವುದಿಲ್ಲ.

ನೀವು ಹೊರಡುವುದಾದರೆ ಉಪ್ಪು ನೋಡಲು ಮಳೆಗೆ ಮುಂಚೆ ಬನ್ನಿ, ಕಗ್ಗದ ತೆನೆ ನೋಡಲು ಮಳೆ ಕಳೆದ ಮೇಲೆ. ಬಳಚು ಹೆಕ್ಕುವವರನ್ನು ನೋಡಬೇಕೆಂದರೆ ಮಾತ್ರ ಗಡಿಯಾರ ನೆಚ್ಚಬೇಡಿ, ಇಳಿತದ ಹೊತ್ತು ಕೇಳಿಕೊಂಡು ಬೋಟು ಹತ್ತಿ. ನಾನಂತೂ ಬಾಟಲಿಗೆ ನೀರು ತುಂಬಿಸಿಕೊಂಡೆ. ಗಂಗಾವಳಿಯ ದಾರಿ ಇನ್ನೂ ತುಳಿಯಬೇಕು.